ಹೊಸ ಪೇಂಟ್ ನೋಡಿ ಹಳೇ ಸ್ಟೀಲ್ ಡ್ರಮ್ ಕೊಳ್ಳಬೇಡಿ

ಮೈಸೂರು, ನಂಜನಗೂಡು, ಮಂಡ್ಯ ಕಡೆ ಸಣ್ಣ ಕಾರ್ಖಾನೆ ನಡೆಸುವವರು, ಸ್ಟೋರ್ಸ್ ನೋಡಿಕೊಳ್ಳುವವರು ಇದನ್ನು ಪೂರ್ತಿ ಓದಿ. "ರೀಕಂಡೀಷನ್ ಮಾಡಿದ್ದು, ಹೊಸದೇ ಅನ್ಕೊಳ್ಳಿ" ಅಂತ 200 ಲೀಟರಿನ ಹಳೇ ಡ್ರಮ್ ಮಾರುವವರು ಊರ ಸುತ್ತ ಬೇಕಾದಷ್ಟು ಜನ ಇದ್ದಾರೆ. ಅವರಲ್ಲಿ ನೆಟ್ಟಗೆ ಕೆಲಸ ಮಾಡಿ ಕೊಡುವವರೂ ಇದ್ದಾರೆ, ಇಲ್ಲ ಅನ್ನಲ್ಲ. ನಮಗೆ ಸಿಕ್ಕಿದವನು ಅಂಥವನಾಗಿರಲಿಲ್ಲ.

ನಾನಿರುವುದು ಊದುಬತ್ತಿಗೆ ಸೆಂಟ್ ಹಾಕುವ ಸಣ್ಣ ಯೂನಿಟ್‌ನಲ್ಲಿ. ಕಚ್ಚಾ ಬತ್ತಿ ಹೊರಗಿನಿಂದ ಬರುತ್ತದೆ. ಸೆಂಟಿನ ಕಾಂಪೌಂಡನ್ನು ಡಿಇಪಿ, ಅಂದರೆ ಡೈಈಥೈಲ್ ಥ್ಯಾಲೇಟ್ ಅನ್ನುವ ಎಣ್ಣೆಯಂಥ ದ್ರವದಲ್ಲಿ ಬೆರೆಸಿ, ಬತ್ತಿಯನ್ನು ಅದ್ದಿ, ಆರಿಸಿ, ಪ್ಯಾಕ್ ಮಾಡುತ್ತೇವೆ. ದಸರಾ, ದೀಪಾವಳಿಗೆ ಮೊದಲು ಬೆರೆಸಿದ ಮಾಲನ್ನು ಜಾಸ್ತಿ ಮಾಡಿಟ್ಟುಕೊಳ್ಳಬೇಕು. ಡ್ರಮ್ ಸಾಲಲಿಲ್ಲ. ಹೊಸ ಡ್ರಮ್ಮಿನ ಅರ್ಧ ಬೆಲೆಗೆ ಕೊಡುತ್ತೇನೆ ಅಂತ ಒಬ್ಬ ವ್ಯಾಪಾರಿ ಬಂದ. ಮೇಲೆ ಫಳಫಳ ನೀಲಿ ಪೇಂಟ್, ಹೊಸ ವಾಷರ್, ಹೊಸ ಮುಚ್ಚಳ. "ಒಳಗೆಲ್ಲ ಕಾಸ್ಟಿಕ್ ಹಾಕಿ ತೊಳ್ದಿದೀವಿ ಸಾರ್, ಬೇಕಾದ್ರೆ ಮೂಸಿ ನೋಡಿ" ಅಂದ. ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಯಾರು ಹೇಳಿದರೂ ಗೊತ್ತಿಲ್ಲದ ಡ್ರಮ್ಮಿನ ಬಾಯಿಗೆ ಮೂಗು ಇಡಬೇಡಿ. ಒಳಗೆ ಏನಿತ್ತೋ ಯಾರಿಗೆ ಗೊತ್ತು?

ಹಿಂದೆ ಇದರಲ್ಲಿ ಏನಿತ್ತು ಅಂತ ಯಜಮಾನರು ಕೇಳಿದರು. "ಎಣ್ಣೆ ಸಾರ್, ಎಣ್ಣೆ." ಯಾವ ಎಣ್ಣೆ ಅಂದರೆ ಉತ್ತರ ಇಲ್ಲ. ಬಿಲ್ಲಿನಲ್ಲಿ "ಹಳೇ ಡ್ರಮ್" ಅಂತ ಬಿಟ್ಟು ಬೇರೇನೂ ಬರೆಯಲಿಲ್ಲ.

ತುಂಬಿದ ಕೆಲವೇ ವಾರಕ್ಕೆ ಗೊತ್ತಾಯಿತು. ಮೊದಲು ಕಂಡುಹಿಡಿದವರು ಪ್ಯಾಕಿಂಗ್ ಹೆಂಗಸರು. "ಅಣ್ಣ, ಈ ಮಲ್ಲಿಗೆ ಯಾಕೋ ಪೇಂಟ್ ಅಂಗಡಿ ವಾಸನೆ ಹೊಡೀತದೆ" ಅಂದರು. ಡ್ರಮ್ಮಿನಿಂದ ಒಂದು ಗಾಜಿನ ಲೋಟಕ್ಕೆ ತೆಗೆದು ಬೆಳಕಿಗೆ ಹಿಡಿದೆವು. ತಿಳಿ ಹಳದಿ ಇರಬೇಕಾದ ಮಾಲು ಕಂದುಗೆಂಪಾಗಿತ್ತು. ತಳದಲ್ಲಿ ತುಕ್ಕಿನ ಸಣ್ಣ ಸಣ್ಣ ಚೂರು. ಅಷ್ಟು ಹೊತ್ತಿಗೆ ಒಂದಿಷ್ಟು ಬತ್ತಿ ಅಂಗಡಿಗೂ ಹೋಗಿ ಆಗಿತ್ತು. ಆ ಬಾಕ್ಸುಗಳೆಲ್ಲ ವಾಪಸ್ ಬಂದವು.

ಬಣ್ಣ ಯಾಕೆ ಕೆಟ್ಟಿತು ಅನ್ನುವುದು ಸೆಂಟಿನ ಕೆಲಸ ಮಾಡುವವರಿಗೆಲ್ಲ ಗೊತ್ತಿರಬೇಕಾದ ವಿಷಯ. ಲವಂಗದೆಣ್ಣೆಯಲ್ಲಿರುವ ಯೂಜಿನಾಲ್, ಹೂವಿನ ಸೆಂಟುಗಳಿಗೆ ಹಾಕುವ ಸ್ಯಾಲಿಸಿಲೇಟ್, ವೆನಿಲಿನ್, ಇವೆಲ್ಲ ಬರೀ ಕಬ್ಬಿಣಕ್ಕೆ ತಾಗಿದರೆ ಬಣ್ಣ ತಿರುಗುತ್ತವೆ. ಅದಕ್ಕೇ ಸೆಂಟ್ ತುಂಬುವ ಸ್ಟೀಲ್ ಡ್ರಮ್ಮಿನ ಒಳಗೆ ಎಪಾಕ್ಸಿ ಫಿನಾಲಿಕ್ ಲೇಪನ ಇರಬೇಕು. ನೋಡಲು ಹೊಂಬಣ್ಣ ಅಥವಾ ಇಟ್ಟಿಗೆ ಬಣ್ಣ ಇರುತ್ತದೆ. ಹಳೇ ಡ್ರಮ್ಮಿಗೆ ಕಾಸ್ಟಿಕ್ ನೀರು, ಕಬ್ಬಿಣದ ಸರಪಳಿ ಹಾಕಿ ಉರುಳಿಸಿ ಉಜ್ಜಿದರೆ ಹಿಂದಿನ ಕೊಳೆಯ ಜೊತೆ ಆ ಲೇಪನವೂ ಏಳುತ್ತದೆ. ಮತ್ತೆ ಲೇಪನ ಹೊಡೆದು ಬಿಸಿಯಲ್ಲಿ ಬೇಯಿಸದಿದ್ದರೆ ಉಳಿಯುವುದು ಬೆತ್ತಲೆ ಕಬ್ಬಿಣ. ನಮ್ಮ ಡ್ರಮ್‌ಗಳಲ್ಲಿ ಕೆಲವು ಹಾಗಿದ್ದವು. ಇನ್ನು ಕೆಲವು ತೊಳೆದೇ ಇರಲಿಲ್ಲ.

ಅದು ಹೇಗೆ ಗೊತ್ತಾಯಿತು ಅಂದರೆ, ಬಿಸಿಲಿಗೆ ಓರೆಯಾಗಿ ನಿಲ್ಲಿಸಿದಾಗ ಒಂದು ಡ್ರಮ್ಮಿನ ಮೈಮೇಲೆ ಚೌಕಾಕಾರದ ಗೆರೆ ಕಂಡಿತು. ಉಗುರಿನಿಂದ ಕೆರೆದೆ, ನೀಲಿ ಪೇಂಟ್ ಸಿಪ್ಪೆಯಂತೆ ಎದ್ದಿತು. ಕೆಳಗೆ ಹಳೇ ಹಸಿರು ಪೇಂಟ್. ಅದರ ಮೇಲೆ ಅರ್ಧ ಹರಿದ ಲೇಬಲ್. ಹೆಸರಿನ ಭಾಗ ಹೋಗಿತ್ತು, ಆದರೆ ಕೆಂಪು ಅಂಚಿನ ವಜ್ರಾಕಾರದೊಳಗೆ ಬೆಂಕಿಯ ಚಿತ್ರ ಚೆನ್ನಾಗಿಯೇ ಉಳಿದಿತ್ತು. ಬೇಗ ಹೊತ್ತಿಕೊಳ್ಳುವ ಮಾಲು ಅನ್ನುವ ಗುರುತು ಅದು. ಲೇಬಲ್ ಕೀಳುವಷ್ಟೂ ವ್ಯವಧಾನ ಇಲ್ಲದೆ ಅದರ ಮೇಲೇ ಸ್ಪ್ರೇ ಹೊಡೆದಿದ್ದಾನೆ ಮಹಾನುಭಾವ.

ಹಾಗಾಗಿ ಹಳೇ ಡ್ರಮ್ ಕೊಳ್ಳಲೇಬೇಕು ಅನ್ನುವವರು ಮೊದಲು ತಳ ತಿರುಗಿಸಿ ನೋಡಿ. ವಿಶ್ವಸಂಸ್ಥೆಯ ನಿಯಮದ ಪ್ರಕಾರ ಪರೀಕ್ಷೆ ಆದ ಡ್ರಮ್ಮಿಗೆ ತಳದಲ್ಲಿ ಅಚ್ಚು ಒತ್ತಿರುತ್ತಾರೆ. ಪೇಂಟ್ ಹೊಡೆದರೂ ಅದು ಅಳಿಸಲ್ಲ. 1ಎ1 ಅಂತಿದ್ದರೆ ಮೇಲ್ಭಾಗ ತೆಗೆಯಲಾಗದ, ಎರಡೇ ತೂತಿನ ಡ್ರಮ್. ದ್ರವಕ್ಕೆ ಇದೇ ಸರಿ. 1ಎ2 ಅಂದರೆ ಮೇಲ್ಭಾಗ ಪೂರ್ತಿ ತೆರೆದು ಕ್ಲಾಂಪ್ ರಿಂಗ್ ಹಾಕುವಂಥದ್ದು, ಪುಡಿಗೂ ಅಂಟಿನಂಥ ಗಟ್ಟಿ ಮಾಲಿಗೂ ಒಳ್ಳೆಯದು. ಮುಂದೆ ಎಕ್ಸ್, ವೈ, ಝಡ್ ಅಂತ ಒಂದು ಅಕ್ಷರ ಇರುತ್ತದೆ. ಎಕ್ಸ್ ಇದ್ದರೆ ತೀರಾ ಅಪಾಯದ ಮಾಲಿಗೂ ನಡೆಯುತ್ತದೆ, ವೈ ಮಧ್ಯಮ ಮತ್ತು ಕಡಿಮೆ ಅಪಾಯದ್ದಕ್ಕೆ, ಝಡ್ ಕಡಿಮೆ ಅಪಾಯದ್ದಕ್ಕೆ ಮಾತ್ರ. ಪಕ್ಕದ ಅಂಕಿ ಮಾಲಿನ ಸಾಂದ್ರತೆಯ ಮಿತಿ. ನೀರಿಗೆ 1 ಅಂದರೆ ಡಿಇಪಿಗೆ ಸುಮಾರು 1.12. ತಯಾರಾದ ವರ್ಷದ ಕೊನೆಯ ಎರಡು ಅಂಕಿ, ತಗಡಿನ ದಪ್ಪ ಎಷ್ಟು ಮಿಲಿಮೀಟರ್ ಅನ್ನುವುದೂ ಅಲ್ಲೇ ಸಿಗುತ್ತದೆ.

ನಿಯಮದ ಪ್ರಕಾರ ರೀಕಂಡೀಷನ್ ಮಾಡಿದವರು ತಮ್ಮ ಹೆಸರು, ಮಾಡಿದ ವರ್ಷ, ಆರ್ ಅನ್ನುವ ಅಕ್ಷರ ಸೇರಿಸಬೇಕು. ಸೋರಿಕೆ ಪರೀಕ್ಷೆ ಮಾಡಿದ್ದರೆ ಎಲ್ ಅನ್ನುವ ಅಕ್ಷರವೂ ಇರಬೇಕು. ನಮಗೆ ಬಂದ ಒಂದು ಡ್ರಮ್ಮಿನಲ್ಲೂ ಆರ್ ಇರಲಿಲ್ಲ. ಪೇಂಟ್ ಹೊಡೆದದ್ದಷ್ಟೇ ಅವನ ರೀಕಂಡೀಷನ್.

ಒಳಗೆ ನೋಡುವ ಬಗೆ ಹೀಗೆ. ಮೊದಲು ಎರಡೂ ಮುಚ್ಚಳ ತೆಗೆದು, ಬೆಂಕಿ, ಕಿಡಿ ಏನೂ ಇಲ್ಲದ ಬಯಲಲ್ಲಿ ಗಾಳಿಯಾಡಲು ಬಿಡಿ. ಆಮೇಲೆ ಮುಕ್ಕಾಲು ಇಂಚಿನ ಸಣ್ಣ ತೂತಿನ ಕಡೆಯಿಂದ ಟಾರ್ಚ್ ಬೆಳಕು ಬಿಟ್ಟು ಎರಡಿಂಚಿನ ತೂತಿನಿಂದ ನೋಡಿ. ಮಧ್ಯದ ಗೋಡೆ ಎಲ್ಲ ಡ್ರಮ್ಮಿನಲ್ಲೂ ಚೆನ್ನಾಗೇ ಕಾಣುತ್ತದೆ, ಅದಕ್ಕೆ ಮರುಳಾಗಬೇಡಿ. ತಳ ಮತ್ತು ಗೋಡೆ ಕೂಡುವ ಮೂಲೆ ನೋಡಿ, ಉದ್ದದ ವೆಲ್ಡಿಂಗ್ ಗೆರೆ ನೋಡಿ. ತುಕ್ಕು ಶುರುವಾಗುವುದು ಅಲ್ಲಿಂದ. ತಂತಿಯ ತುದಿಗೆ ಬಿಳೀ ಬಟ್ಟೆ ಗಟ್ಟಿಯಾಗಿ ಸುತ್ತಿ ಆ ಮೂಲೆಗೆ ಉಜ್ಜಿ ತೆಗೆಯಿರಿ. ನಾವು ಉಜ್ಜಿದಾಗ ಬಟ್ಟೆಗೆ ತುಕ್ಕಿನ ಜೊತೆ ಅಂಟಂಟಾದ ಕಪ್ಪು ಮಡ್ಡಿ ಬಂತು.

ಹಾಗಂತ ಎಲ್ಲದಕ್ಕೂ ಸ್ಟೀಲ್ ಬೇಡ, ಪ್ಲಾಸ್ಟಿಕ್ ಡ್ರಮ್ ತಂದುಬಿಡೋಣ ಅನ್ನುವುದೂ ಸರಿಯಲ್ಲ. ಆಸಿಡ್, ಬ್ಲೀಚಿಂಗ್ ದ್ರಾವಣ ಇಂಥವು ಸ್ಟೀಲನ್ನು ತಿನ್ನುತ್ತವೆ, ಅವಕ್ಕೆ ಎಚ್‌ಡಿಪಿಇ ಅನ್ನುವ ಗಟ್ಟಿ ಪ್ಲಾಸ್ಟಿಕ್ಕೇ ಬೇಕು. ಪೇಂಟ್ ಕರಗಿಸುವ ಟಾಲೂಯಿನ್, ಥಿನ್ನರ್ ಥರದವು ಮಾಮೂಲಿ ಪ್ಲಾಸ್ಟಿಕ್ಕಿನ ಮೈಯಿಂದಲೇ ನಿಧಾನ ಜಿನುಗಿ ಆವಿಯಾಗುತ್ತವೆ, ಅವಕ್ಕೆ ಸ್ಟೀಲೇ ಸರಿ.

ಮಳೆಯ ವಿಷಯಕ್ಕೆ ಬರುತ್ತೇನೆ, ಇದು ಹೊಸ ಡ್ರಮ್ ಇಟ್ಟುಕೊಂಡವರಿಗೂ ಅನ್ವಯ. ಷೆಡ್ಡಿನಲ್ಲಿ ಜಾಗ ಇಲ್ಲದೆ ಡಿಇಪಿಯ ಕೆಲವು ಡ್ರಮ್‌ಗಳು ಹೊರಗೆ ನಿಂತಿದ್ದವು. ಮೈಸೂರಿನ ದಸರಾ ಹೊತ್ತಿನ ಹವೆ ಗೊತ್ತಲ್ವಾ, ಮಧ್ಯಾಹ್ನ ಸುಡುವ ಬಿಸಿಲು, ಸಂಜೆ ದಬದಬ ಮಳೆ. ಬಿಸಿಲಿಗೆ ಕಾದ ಡ್ರಮ್ಮಿನೊಳಗಿನ ಗಾಳಿ ಹಿಗ್ಗಿ ಮುಚ್ಚಳದ ತಿರುಪಿನ ಸಂದಿಯಿಂದ ಆಚೆ ಹೋಗುತ್ತದೆ. ಮಳೆ ಬಿದ್ದು ತಣ್ಣಗಾದಾಗ ಅದೇ ಸಂದಿಯಿಂದ ಒಳಗೆ ಎಳೆದುಕೊಳ್ಳುತ್ತದೆ. ಆಗ ಮೇಲೆ ನಿಂತಿರುವುದು ನೀರು. ಡ್ರಮ್ಮಿನ ತಲೆಯ ಸುತ್ತ ಅಂಚು ಎದ್ದಿರುವುದರಿಂದ ಅಲ್ಲಿ ನೀರು ಕೆರೆ ಕಟ್ಟಿಕೊಂಡೇ ಇರುತ್ತದೆ. ಹೀಗೆ ದಿನಾ ಸ್ವಲ್ಪ ಸ್ವಲ್ಪ ಒಳಗೆ ಹೋಗುತ್ತದೆ.

ಮಾಮೂಲಿ ಎಣ್ಣೆಯಾದರೆ ನೀರು ತಳಕ್ಕೆ ಇಳಿಯುತ್ತದೆ, ಕೈಪಂಪು ಹಾಕಿದ ತಕ್ಷಣ ಗೊತ್ತಾಗುತ್ತದೆ. ಡಿಇಪಿ ನೀರಿಗಿಂತ ಭಾರ. ನೀರು ಮೇಲೆ ತೇಲುತ್ತದೆ, ಪಂಪು ತಳದಿಂದ ಎಳೆಯುತ್ತದೆ, ಡ್ರಮ್ ಖಾಲಿಯಾಗುವವರೆಗೆ ಯಾರಿಗೂ ಕಾಣಲ್ಲ. ಕೊನೆಯ ಬಕೆಟ್ಟಿನಲ್ಲಿ ನೀರು ಬಂದಾಗ ಹುಡುಗರು ಬಕೆಟ್ ತೊಳೆದದ್ದು ಸರಿಯಿಲ್ಲ ಅಂತ ಒಬ್ಬರಿಗೊಬ್ಬರು ಜಗಳ ಆಡಿದರು, ಪಾಪ.

ಷೆಡ್ ಇದ್ದರೆ ಒಳಗಿಡಿ. ಇಲ್ಲದಿದ್ದರೆ ಮರದ ಪಟ್ಟಿಯ ಮೇಲೆ ಮಲಗಿಸಿ, ಎರಡೂ ಮುಚ್ಚಳ ಗಡಿಯಾರದ 3 ಮತ್ತು 9ರ ಜಾಗದಲ್ಲಿ ಬರುವ ಹಾಗೆ ತಿರುಗಿಸಿ, ಉರುಳದಂತೆ ಬೆಣೆ ಕೊಡಿ. ಆಗ ತುಂಬಿದ ಡ್ರಮ್ಮಿನ ಎರಡೂ ಮುಚ್ಚಳ ಮಾಲಿನ ಮಟ್ಟಕ್ಕಿಂತ ಕೆಳಗಿರುತ್ತವೆ, ಗಾಳಿ ಎಳೆಯಲ್ಲ. ಮಳೆನೀರೂ ಅಲ್ಲಿ ನಿಲ್ಲಲ್ಲ.

ಸಾಗಿಸುವಾಗ ತೂಕ ಮರೆಯಬೇಡಿ. 200 ಲೀಟರ್ ಡಿಇಪಿ ಅಂದರೆ 224 ಕೆಜಿ, ಮೇಲೆ ಡ್ರಮ್ಮಿನದೇ ತೂಕ. ಟೆಂಪೋದಿಂದ ಟಯರ್ ಮೇಲೆ ಧೊಪ್ಪಂತ ಉರುಳಿಸುವುದು ನಮ್ಮ ಕಡೆಯ ಅಭ್ಯಾಸ. ನಮ್ಮ ಮಾಲಿನಲ್ಲಿ ಒಂದು ಡ್ರಮ್ ಹಾಗೆ ಬಿದ್ದು ತಳದ ಅಂಚು ನೆಗ್ಗಿತು. ಅಲ್ಲಿಂದಲೇ ಜಿನುಗಲು ಶುರು. ಅಂಚು ನೆಗ್ಗಿದ ಡ್ರಮ್ಮನ್ನು ಎಷ್ಟೇ ಕಡಿಮೆಗೆ ಕೊಟ್ಟರೂ ತೆಗೆದುಕೊಳ್ಳಬೇಡಿ. ಮೈ ಸ್ವಲ್ಪ ನೆಗ್ಗಿದ್ದರೆ ಪರವಾಗಿಲ್ಲ, ಅಂಚಿನ ಮಡಿಕೆ ಬಿಟ್ಟುಕೊಂಡರೆ ಮುಗಿಯಿತು.

ಎಲ್ಲಕ್ಕಿಂತ ಹೆದರಿಸಿದ್ದು ಬೇರೆ. ಕೆಟ್ಟ ಮಾಲು ಖಾಲಿ ಮಾಡಿ ಡ್ರಮ್‌ಗಳನ್ನು ಮೂಲೆಗಿಟ್ಟಿದ್ದೆವು. ಅವುಗಳ ಜೊತೆ ನಾವು ಬಳಸದೇ ಇದ್ದ ಆ ಬೆಂಕಿ ಗುರುತಿನ ಲೇಬಲ್ಲಿನ ಡ್ರಮ್ಮೂ ಇತ್ತು. ಪಕ್ಕದ ವೆಲ್ಡಿಂಗ್ ಷಾಪಿನ ಹುಡುಗ ಅದನ್ನು ಉರುಳಿಸಿಕೊಂಡು ಹೋಗಿದ್ದ, ಮಧ್ಯಕ್ಕೆ ಕತ್ತರಿಸಿ ಹಸುವಿಗೆ ನೀರಿನ ತೊಟ್ಟಿ ಮಾಡಲು. ನಾನು ಹೋಗುವಷ್ಟರಲ್ಲಿ ಗ್ರೈಂಡರಿಗೆ ವೈರ್ ಸಿಕ್ಕಿಸುತ್ತಿದ್ದ. "ಖಾಲಿ ಡ್ರಮ್ ಅಲ್ವಾ ಸಾರ್, ಏನಾಗತ್ತೆ?" ಅಂದ.

ಏನಾಗುತ್ತದೆ ಅಂದರೆ, ತುಂಬಿದ ಡ್ರಮ್ಮಿಗಿಂತ ಖಾಲಿ ಡ್ರಮ್ಮೇ ಅಪಾಯ. ತುಂಬಿದ್ದರಲ್ಲಿ ಗಾಳಿಗೆ ಅಷ್ಟಾಗಿ ಜಾಗ ಇರಲ್ಲ. ಖಾಲಿಯಾದ ಡ್ರಮ್ಮಿನ ಮೂಲೆಯಲ್ಲಿ ಉಳಿದದ್ದು ಆವಿಯಾಗಿ ಗಾಳಿಯ ಜೊತೆ ಬೆರೆತು ಕಾಯುತ್ತಿರುತ್ತದೆ. ಟಾಲೂಯಿನ್ ಲೆಕ್ಕ ಹೇಳುತ್ತೇನೆ. ಗಾಳಿಯಲ್ಲಿ ಅದರ ಆವಿ ಶೇ. 1.2 ಆಸುಪಾಸು ಇದ್ದರೆ ಸಾಕು, ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. 200 ಲೀಟರಿನ ಡ್ರಮ್ಮಿನಲ್ಲಿ ಅಷ್ಟು ಆವಿಯಾಗಲು ಎರಡು ಟೀ ಚಮಚದಷ್ಟು ಟಾಲೂಯಿನ್ ಸಾಕು. ಮುಚ್ಚಿದ ಡ್ರಮ್ಮಿನೊಳಗೆ ಹೊತ್ತಿಕೊಂಡರೆ ತಳ ಕಿತ್ತು ಹಾರುತ್ತದೆ, ಎದುರಿಗಿದ್ದವರು ಉಳಿಯುವುದು ಕಷ್ಟ. ಸುಮ್ನೆ ನೀರು ಹಾಕಿ ಕುಲುಕಿದರೆ ಮಡ್ಡಿಯಲ್ಲಿ ಸಿಕ್ಕಿಕೊಂಡದ್ದು ಹೋಗಲ್ಲ. ಮೇಲಾಗಿ ಆ ತೊಟ್ಟಿಯಲ್ಲಿ ಹಸು ನೀರು ಕುಡಿಯಬೇಕಿತ್ತು! ಮಂಡ್ಯದ ಹಳ್ಳಿಗಳಲ್ಲಿ ಇಂಥ ಡ್ರಮ್ಮಿನಲ್ಲಿ ಮನೆಗೆ ನೀರು ತುಂಬುವವರು, ಜೋನಿ ಬೆಲ್ಲ ಹಾಕಿಡುವವರು ಯಾರಾದರೂ ಗೊತ್ತಿದ್ದರೆ ಇವತ್ತೇ ಬಿಡಿಸಿ.

ಅಂಥ ಖಾಲಿ ಡ್ರಮ್ಮನ್ನು ಗುಜರಿಗೆ ಹಾಕುವ ಹಾಗೂ ಇಲ್ಲ. ಅಪಾಯಕಾರಿ ರಾಸಾಯನಿಕ ಅಂಟಿದ ಖಾಲಿ ಬ್ಯಾರಲ್‌ಗಳು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲೇ ಇವೆ, ಕ್ರಮಸಂಖ್ಯೆ 33.1. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವವರಿಗೇ ಕೊಡಬೇಕು, ಮ್ಯಾನಿಫೆಸ್ಟ್, ಅಂದರೆ ತ್ಯಾಜ್ಯ ಸಾಗಣೆಯ ದಾಖಲೆ ಪತ್ರ ಮಾಡಿಸಬೇಕು, ಸಾಮಾನ್ಯವಾಗಿ 90 ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳುವ ಹಾಗಿಲ್ಲ. ಅಂದರೆ ಅರ್ಧ ಬೆಲೆಗೆ ಕೊಟ್ಟವನು ತನ್ನ ಕಸವನ್ನೂ ನಮ್ಮ ತಲೆಗೆ ಕಟ್ಟಿ ಹೋಗಿದ್ದ.

ಫೋನ್ ಮಾಡಿದಾಗ "ಬೇರೆ ಡ್ರಮ್ ಕಳಿಸ್ತೀನಿ ಸಾರ್, ಇದಕ್ಕಿಂತ ಫಸ್ಟ್ ಕ್ಲಾಸ್ ಪೇಂಟು" ಅಂದ. ಯಜಮಾನರು ಫೋನ್ ಇಟ್ಟರು. ಈಗ ಸೆಂಟಿಗೆ ಲೇಪನದ ಹೊಸ ಡ್ರಮ್ ಮಾತ್ರ ತರಿಸುತ್ತಿದ್ದೇವೆ. ಬೇರೆ ಕೆಲಸಕ್ಕೆ ಹಳೇ ಡ್ರಮ್ ಬೇಕಾದರೆ, ಹಿಂದೆ ಏನು ತುಂಬಿತ್ತು, ಯಾರು ತೊಳೆದರು, ಸೋರಿಕೆ ಪರೀಕ್ಷೆ ಆಗಿದೆಯಾ, ಈ ಮೂರನ್ನೂ ಬಿಲ್ಲಿನಲ್ಲೇ ಬರೆಸಿಕೊಳ್ಳುತ್ತೇವೆ. ಬರೆಯಲ್ಲ ಅನ್ನುವವರ ಗಾಡಿಯಿಂದ ಡ್ರಮ್ ಇಳಿಸುವುದೇ ಇಲ್ಲ.