ಫೋರ್ಟಿನ ಶನಿವಾರದ ತರಗತಿ: ಕಡಲ್ಗಳ್ಳರ ಪಾಠ ಗಟ್ಟಿ, ಟಿಪ್ಪಣಿ ಹಳತು

ಅಂತರರಾಷ್ಟ್ರೀಯ ಅಪರಾಧಗಳ ಪಾಠವೆಂದರೆ ನಾಜಿ ನಾಯಕರ ವಿಚಾರಣೆ ನಡೆದ ನ್ಯೂರೆಂಬರ್ಗ್‌ನಲ್ಲಿ ಶುರುವಾಗಿ ಅಂತರರಾಷ್ಟ್ರೀಯ ಕೋರ್ಟುಗಳಿರುವ ಹೇಗ್‌ನಲ್ಲಿ ಮುಗಿಯುವುದೇ ವಾಡಿಕೆ. ಮುಂಬೈಯ ಕನ್ನಡ ವಕೀಲರು ಕಿರಿಯರಿಗಾಗಿ ಅಲ್ಲಿನ ಫೋರ್ಟ್ ಪ್ರದೇಶದಲ್ಲಿ ನಡೆಸುವ ಈ ತರಗತಿ ನೇರ ಅರಬ್ಬಿ ಸಮುದ್ರಕ್ಕೇ ಇಳಿಯುತ್ತದೆ.

ಅರ್ಧ ಹೊತ್ತು, ಕಡಲ್ಗಳ್ಳರು ಅಪಹರಿಸಿದ್ದ ‘ಅಲೋಂಡ್ರಾ ರೇನ್‌ಬೋ’ ಹಡಗಿಗೇ ಮೀಸಲು. ಇಂಡೋನೇಷ್ಯಾದ ಆರೋಪಿಗಳು, ಜಪಾನಿನ ಮಾಲೀಕರು, ಪನಾಮಾದ ಬಾವುಟ. 1999ರಲ್ಲಿ ಹಿಡಿದದ್ದು ನಮ್ಮ ಕರಾವಳಿ ರಕ್ಷಣಾ ಪಡೆ, ನೌಕಾಪಡೆಯವರು. 2003ರಲ್ಲಿ ಮುಂಬೈ ಸೆಷನ್ಸ್ ಕೋರ್ಟ್ ಶಿಕ್ಷೆ ವಿಧಿಸಿತು, 2005ರಲ್ಲಿ ಹೈಕೋರ್ಟ್ ಬಿಡುಗಡೆ ಮಾಡಿತು. ಕಡಲ್ಗಳ್ಳತನಕ್ಕೆಂದೇ ಕಲಂ ಆಗ ದಂಡಸಂಹಿತೆಯಲ್ಲಿರಲಿಲ್ಲ. 2022ರ ಕಡಲ್ಗಳ್ಳತನ ತಡೆ ಕಾಯ್ದೆ ಆ ಕೊರತೆ ತುಂಬಿದ್ದು ಹೇಗೆಂದು, 2024ರ ಮಾರ್ಚ್‌ನಲ್ಲಿ ನೌಕಾಪಡೆಯ ಹಡಗು ಐಎನ್‌ಎಸ್ ಕೋಲ್ಕತ್ತಾ ಮುಂಬೈ ಪೊಲೀಸರಿಗೆ ಒಪ್ಪಿಸಿದ 35 ಕಡಲ್ಗಳ್ಳರ ಪ್ರಕರಣ ಹಿಡಿದು ವಿವರಿಸುತ್ತಾರೆ. ಜಪ್ತಿ ಪಂಚನಾಮೆಯಲ್ಲಿ ಅಕ್ಷಾಂಶ-ರೇಖಾಂಶ, ಆಯುಧ ಕೈ ಬದಲಾದಾಗಲೆಲ್ಲ ಸಹಿ, ಆರೋಪಿಯ ಭಾಷೆ ಬಲ್ಲ ದುಭಾಷಿ: ಇವುಗಳಲ್ಲಿ ಒಂದು ತಪ್ಪಿದರೂ ಕೇಸು ಸಡಿಲ. ಈ ಭಾಗಕ್ಕಾಗಿಯೇ ಹೋಗಬಹುದು.

ಯುದ್ಧದಲ್ಲಿ ಗಾಯಾಳುಗಳು, ಸೆರೆಯಾಳುಗಳು, ನಾಗರಿಕರನ್ನು ರಕ್ಷಿಸುವ ಜಿನೀವಾ ಒಡಂಬಡಿಕೆಗಳ 1960ರ ಕಾಯ್ದೆಯ ಪಾಠವೂ ಚೆನ್ನ. ಗಂಭೀರ ಉಲ್ಲಂಘನೆಯನ್ನು ಯಾವ ದೇಶದವನು ಎಲ್ಲಿ ಮಾಡಿದರೂ ಶಿಕ್ಷೆ ಎನ್ನುತ್ತದೆ 3ನೇ ಕಲಂ. ಉತ್ಸಾಹಕ್ಕೆ ತಣ್ಣೀರೆರಚುವುದು 17ನೇ ಕಲಂ: ಸರ್ಕಾರವೋ ಅದು ಗೊತ್ತುಪಡಿಸಿದ ಅಧಿಕಾರಿಯೋ ದೂರು ಕೊಡದೆ ಯಾವ ಕೋರ್ಟೂ ಪ್ರಕರಣ ಕೈಗೆತ್ತಿಕೊಳ್ಳುವಂತಿಲ್ಲ. ಖಾಸಗಿ ದೂರು ಬರೆದುಕೊಂಡು ಹೋದವರು ಬಾಗಿಲಲ್ಲೇ ವಾಪಸ್. ಗೋವಾದ ಪಾದ್ರಿಯೊಬ್ಬರ ಮೊಂತೆರೊ ಪ್ರಕರಣದಲ್ಲಿ ಈ ಕಾಯ್ದೆ ವ್ಯಕ್ತಿಗೆ ಕೋರ್ಟಿನ ಮೊರೆಹೋಗುವ ಪ್ರತ್ಯೇಕ ಹಕ್ಕನ್ನೇನೂ ಕೊಡುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1969ರಲ್ಲೇ ಹೇಳಿದೆ. ಅದನ್ನು ಓದಿಸುತ್ತಾರೆ, ಮೆಚ್ಚಬೇಕು.

ಹಂಚುವ ಟಿಪ್ಪಣಿ ಮಾತ್ರ ಹಳತು. ವಿದೇಶದಲ್ಲಿ ಭಾರತೀಯ ನಾಗರಿಕ ಎಸಗಿದ ಅಪರಾಧಕ್ಕೆ ಇನ್ನೂ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 188ನೇ ಕಲಂ ಎಂದೇ ಇದೆ. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 208. ವಿಚಾರಣೆಗೆ ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕೆಂಬ ಷರತ್ತು ಅಲ್ಲೂ ಇದೆ. ಅರ್ಜಿಯಲ್ಲಿ ಹಳೆಯ ಸಂಖ್ಯೆ ಬರೆದು ಆಕ್ಷೇಪಣೆ ಹೊತ್ತು ತರಬೇಡಿ.

ನರಮೇಧದ ಒಪ್ಪಂದವನ್ನು ಭಾರತ 1959ರಲ್ಲಿ ಅನುಮೋದಿಸಿಯೂ ದೇಶದೊಳಗೆ ಕಾನೂನು ಮಾಡಿಲ್ಲ. 2018ರ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಬೊಟ್ಟುಮಾಡಿದ ಈ ಕೊರತೆ ಒಂದೇ ಸ್ಲೈಡಿನಲ್ಲಿ ಮುಗಿದುಹೋಗುತ್ತದೆ. ತನ್ನ ದೇಶದಲ್ಲೇ ಎಸಗಿದ ಮಾನವತೆಯ ವಿರುದ್ಧದ ಅಪರಾಧಗಳಿಗಾಗಿ ಸಿರಿಯಾದ ಅಧಿಕಾರಿಗೆ ಜರ್ಮನಿಯ ಕೊಬ್ಲೆನ್ಸ್ ಕೋರ್ಟ್ 2022ರಲ್ಲಿ ಕೊಟ್ಟ ಜೀವಾವಧಿ ಶಿಕ್ಷೆಯದೂ ಅದೇ ಪಾಡು. ಇಷ್ಟು ಅವಸರ ಯಾಕೋ!

ಕ್ರಿಮಿನಲ್ ಪ್ರೊಸೀಜರ್ ಓದದ ವಿದ್ಯಾರ್ಥಿಗಳಿಗೆ ಇದು ಕಷ್ಟ. ಉಳಿದವರು ಮೂರು ಬೇರ್ ಆಕ್ಟ್‌ಗಳನ್ನು (ವ್ಯಾಖ್ಯಾನವಿಲ್ಲದ ಮೂಲ ಕಾಯ್ದೆಯ ಪ್ರತಿ) ಕೈಯಲ್ಲಿ ಹಿಡಿದೇ ಹೋಗಿ: 1960ರದು, 2022ರದು, ಬಿಎನ್‌ಎಸ್‌ಎಸ್.