ಬೌನ್ಸ್ ಬಫರೋ, ನೇರ ಡಿಎಂಎಯೋ: ಲಿನಕ್ಸ್ ಬ್ಲಾಕ್ ಡ್ರೈವರ್‌ಗೆ ಯಾವುದು?

ಡಿಸ್ಕ್‌ನಂಥ ಸಾಧನವನ್ನು ನಡೆಸುವ ಬ್ಲಾಕ್ ಡ್ರೈವರ್‌ಗೆ ಡೇಟಾ ಸಾಗಿಸಲು ಎರಡು ದಾರಿ: ನಡುವಿನ ಒಂದು ಮೆಮೊರಿಗೆ ನಕಲಿಸಿ ಸಾಗಿಸುವುದು ಬೌನ್ಸ್ ಬಫರ್, ಡೇಟಾ ಇರುವ ಪುಟಗಳನ್ನೇ ಸಾಧನ ತಾನಾಗಿ ಓದಿ ಬರೆಯುವುದು ನೇರ ಡಿಎಂಎ. ಎರಡನ್ನೂ ಬರೆದು ಓಡಿಸಿ ನೋಡಿದ್ದೇವೆ. ಹೊಸ ಹಾರ್ಡ್‌ವೇರ್ ಕೈಗೆ ಬಂದಾಗ ಬೌನ್ಸ್ ಬಫರ್‌ನಿಂದಲೇ ಶುರು ಮಾಡಿ. ವೇಗ ಬೇಕಾದಾಗ ನೇರ ಡಿಎಂಎಗೆ ಹೋದರಾಯಿತು.

ಬೌನ್ಸ್ ಬಫರ್‌ನ ಲೆಕ್ಕ ಸರಳ. ಪ್ರೋಬ್‌ನಲ್ಲೇ (ಡ್ರೈವರ್ ಸಾಧನವನ್ನು ಸಿದ್ಧಪಡಿಸುವ ಹಂತ) ಡಿಎಂಎ_ಅಲಾಕ್_ಕೊಹೆರೆಂಟ್‌ನಿಂದ 64 ಕೆಬಿ ಪಡೆದು, ರಿಕ್ವೆಸ್ಟ್‌ನ (ಕರ್ನಲ್ ಕಳಿಸುವ ಓದು-ಬರಹದ ಕೋರಿಕೆ) ಮಿತಿಯನ್ನು 512 ಬೈಟ್‌ನ 128 ಸೆಕ್ಟರ್‌ಗೆ ನಿಲ್ಲಿಸಿ. ರೈಟ್ ಆದರೆ ಮೊದಲೇ ಬಫರ್‌ಗೆ ನಕಲು, ರೀಡ್ ಆದರೆ ಕೆಲಸ ಮುಗಿದ ಮೇಲೆ ಬಫರ್‌ನಿಂದ ನಕಲು. ಇಲ್ಲಿ ಎಡವುವುದು ಒಂದೇ ಕಡೆ: ಮೊದಲ ಸೆಗ್ಮೆಂಟನ್ನಷ್ಟೇ (ರಿಕ್ವೆಸ್ಟ್‌ನ ಒಂದು ತುಂಡು) ನಕಲಿಸಿ ಇಡೀ ರಿಕ್ವೆಸ್ಟ್ ಮುಗಿಯಿತೆನ್ನುವುದು. 4 ಕೆಬಿ ಪರೀಕ್ಷೆಯಲ್ಲಿ ಇದು ಸಿಕ್ಕಿಬೀಳುವುದಿಲ್ಲ. ಕರ್ನಲ್ 16 ಪುಟಗಳನ್ನು ಒಂದೇ ರಿಕ್ವೆಸ್ಟ್‌ಗೆ ಸೇರಿಸಿದ ದಿನ ಉಳಿದ 15 ಪುಟ ಸದ್ದಿಲ್ಲದೆ ಕಳೆದುಹೋಗುತ್ತವೆ. ಆರ್‌ಕ್ಯು_ಫಾರ್_ಈಚ್_ಸೆಗ್ಮೆಂಟ್‌ನಲ್ಲಿ ಪೂರ್ತಿ ಸುತ್ತಲೇಬೇಕು. ಬಫರ್ ಒಂದೇ ಇದ್ದರೆ ಕ್ಯೂ ಡೆಪ್ತ್ (ಒಮ್ಮೆಗೆ ನಡೆಯಬಲ್ಲ ರಿಕ್ವೆಸ್ಟ್‌ಗಳ ಸಂಖ್ಯೆ) ಕೂಡ 1. ನಿಧಾನವಾಗಲು ನಕಲಿನಷ್ಟೇ ಇದೂ ಕಾರಣ.

ನೇರ ಡಿಎಂಎಯಲ್ಲಿ ನಕಲಿಲ್ಲ, ಆದರೆ ಶಿಸ್ತು ಹೆಚ್ಚು ಬೇಕು. ಪುಟಗಳಿಗೆ ಸಾಧನ ಬಳಸುವ ವಿಳಾಸ ಕೊಡುವ ಡಿಎಂಎ_ಮ್ಯಾಪ್_ಎಸ್‌ಜಿಗೆ 16 ತುಂಡು ಕೊಟ್ಟರೆ ಐಒಎಂಎಂಯು (ಸಾಧನದ ವಿಳಾಸಗಳನ್ನು ಅನುವಾದಿಸುವ ಹಾರ್ಡ್‌ವೇರ್) ಜೋಡಿಸಿ 3 ಎಂದು ಹಿಂದಿರುಗಿಸಬಹುದು. ಹಾರ್ಡ್‌ವೇರ್‌ಗೆ 3 ಡಿಸ್ಕ್ರಿಪ್ಟರ್ (ತುಂಡಿನ ವಿಳಾಸ, ಉದ್ದ ಹೇಳುವ ದಾಖಲೆ) ಬರೆಯಿರಿ. ಅನ್‌ಮ್ಯಾಪ್‌ಗೆ ಮಾತ್ರ ಮೂಲದ 16 ಕೊಡಿ. 0 ಬಂದರೆ ಮ್ಯಾಪ್ ಆಗಿಲ್ಲ. ಬಿಎಲ್‌ಕೆ_ಎಸ್‌ಟಿಎಸ್_ರಿಸೋರ್ಸ್ ಹಿಂದಿರುಗಿಸಿದರೆ ಕರ್ನಲ್ ಆಮೇಲೆ ಮತ್ತೆ ಕಳಿಸುತ್ತದೆ. ಬಿಎಲ್‌ಕೆ_ಎಂಕ್ಯು_ಸ್ಟಾರ್ಟ್_ರಿಕ್ವೆಸ್ಟ್ ಡೋರ್‌ಬೆಲ್‌ಗಿಂತ (ಕೆಲಸ ಶುರು ಮಾಡೆಂದು ಸಾಧನಕ್ಕೆ ಕೊಡುವ ಸೂಚನೆ) ಮೊದಲೇ ಆಗಬೇಕು, ಇಲ್ಲವಾದರೆ ಶುರುವೇ ಆಗದ ರಿಕ್ವೆಸ್ಟನ್ನು ಇಂಟರಪ್ಟ್ ಮುಗಿಸಲು ಬಂದೀತು.

64 ಬಿಟ್ ವಿಳಾಸ ಬಲ್ಲ ಸಾಧನವಾದರೆ ಡಿಎಂಎ ಮಾಸ್ಕ್ (ಸಾಧನ ತಲುಪಬಲ್ಲ ವಿಳಾಸದ ಮಿತಿ) ಹಾಕಲು ಮರೆಯಬೇಡಿ. ಹಾಕದಿದ್ದರೆ ಅದು 32 ಬಿಟ್ಟಿನಲ್ಲೇ ಉಳಿಯುತ್ತದೆ. ಐಒಎಂಎಂಯು ಇಲ್ಲದ ಯಂತ್ರದಲ್ಲಿ 4 ಜಿಬಿ ಮೇಲಿನ ಪುಟಗಳನ್ನು ಆಗ ಕರ್ನಲ್ಲೇ ಎಸ್‌ಡಬ್ಲ್ಯುಐಒಟಿಎಲ್‌ಬಿ (ಕರ್ನಲ್‌ನದೇ ಬೌನ್ಸ್ ಬಫರ್) ಮೂಲಕ ನಕಲಿಸುತ್ತದೆ. ಹೆಸರಿಗೆ ನೇರ ಡಿಎಂಎ, ನಡೆಯುವುದು ಬೌನ್ಸ್.

ಸೆಕ್ಟರ್ ಲೆಕ್ಕ ಎರಡಕ್ಕೂ ಒಂದೇ. ರಿಕ್ವೆಸ್ಟ್ ಶುರುವಾಗುವ ಜಾಗ ಹೇಳುವ ಬಿಎಲ್‌ಕೆ_ಆರ್‌ಕ್ಯು_ಪಾಸ್ ಯಾವಾಗಲೂ 512 ಬೈಟ್ ಅಳತೆಯಲ್ಲಿರುತ್ತದೆ. 4096 ಬೈಟ್ ಬ್ಲಾಕ್‌ನ ಸಾಧನಕ್ಕೆ 8ರಿಂದ ಭಾಗಿಸಿ ಕೊಡಿ.

ನೇರ ದಾರಿಯಲ್ಲಿ ಅತಿ ಹೆಚ್ಚು ಕಾಡುವ ತಪ್ಪು ಅನ್‌ಮ್ಯಾಪ್‌ಗೆ ಮೊದಲೇ ಬಿಎಲ್‌ಕೆ_ಎಂಕ್ಯು_ಎಂಡ್_ರಿಕ್ವೆಸ್ಟ್ ಕರೆಯುವುದು. ಎಸ್‌ಡಬ್ಲ್ಯುಐಒಟಿಎಲ್‌ಬಿ ಇದ್ದಾಗ ರೀಡ್‌ನ ಡೇಟಾ ನಿಜವಾದ ಪುಟಕ್ಕೆ ಬರುವುದೇ ಅನ್‌ಮ್ಯಾಪ್‌ನಲ್ಲಿ. ಕ್ರಮ ತಪ್ಪಿದರೆ ಓದಿದವರಿಗೆ ಹಳೆಯ ಬೈಟ್‌ಗಳು ಸಿಗುತ್ತವೆ. ಮಾಮೂಲಿ ಎಕ್ಸ್86 ಯಂತ್ರದಲ್ಲಿ ಇದು ಕಾಣಿಸಿಕೊಳ್ಳದೇ ಹೋಗಬಹುದು. ಹಾಗಾಗಿ ಬೂಟ್ ಸಾಲಿಗೆ ಎಸ್‌ಡಬ್ಲ್ಯುಐಒಟಿಎಲ್‌ಬಿ=ಫೋರ್ಸ್ ಸೇರಿಸಿ, ಎಫ್‌ಐಒ ಎಂಬ ಡಿಸ್ಕ್ ಪರೀಕ್ಷಾ ತಂತ್ರಾಂಶದ ವೆರಿಫೈ ಪರೀಕ್ಷೆಯನ್ನು ಕ್ಯೂ ಡೆಪ್ತ್ 32ರಲ್ಲಿ ಓಡಿಸಿ.