ಲೇಔಟ್ ರಿವ್ಯೂ, ಚಿಕ್ಕಮಗಳೂರು: ವ್ಯೂಗೆ ದುಡ್ಡು ಕೊಟ್ವಿ, ನೀರು ಫ್ರೀಯಾಗಿ ಬಂತು

ಊರ ಹೊರಗೆ ಗುಡ್ಡದ ಇಳಿಜಾರಲ್ಲಿರೋ ಲೇಔಟಲ್ಲಿ 30x40 ಸೈಟ್ ತಗೊಂಡು ಮೂರು ವರ್ಷ ಆಯ್ತು, ಮನೆ ಕಟ್ಟಿ ಒಂದೂವರೆ ವರ್ಷ. ಹೆಸರು ಹಾಕಲ್ಲ, ನಾನೂ ಇಲ್ಲೇ ಇರ್ಬೇಕಲ್ಲ.

ಮೊದಲು ಒಳ್ಳೇದು ಹೇಳ್ಬಿಡ್ತೀನಿ. ಪೇಪರ್ ಎಲ್ಲಾ ಪಕ್ಕಾ. ಕನ್ವರ್ಷನ್ (ಕೃಷಿ ಜಮೀನಲ್ಲಿ ಮನೆ ಕಟ್ಟೋಕೆ ಅನುಮತಿ), ಪ್ಲಾನ್ ಅಪ್ರೂವಲ್, ರೇರಾ ನಂಬರ್ (ಮನೆ-ಸೈಟ್ ಕೊಳ್ಳೋರ ರಕ್ಷಣೆಗಿರೋ 2016ರ ಕಾಯ್ದೆ ಪ್ರಕಾರದ ನೋಂದಣಿ) ಎಲ್ಲಾ ಇತ್ತು, ಬ್ಯಾಂಕ್‌ನೋರು ಒಂದೇ ಓಡಾಟಕ್ಕೆ ಲೋನ್ ಕೊಟ್ರು. ತಪ್ಪು ನಂದೇ, ಅಪ್ರೂವ್ ಆದ ಡ್ರಾಯಿಂಗ್ ಕೈಯಲ್ಲಿದ್ರೂ ಅದ್ರಲ್ಲಿ ನನ್ನ ಸೈಟ್ ನಂಬರ್ ಹುಡುಕಿದ್ದು ಬಿಟ್ರೆ ಇನ್ನೇನೂ ನೋಡ್ಲಿಲ್ಲ.

ನೋಡಿದ್ರೆ ಗೊತ್ತಾಗ್ತಿತ್ತು, ಇಳಿಜಾರಿಗೆ ಅಡ್ಡಡ್ಡವಾಗಿ ರೋಡ್ ತಗೊಂಡು ಹೋಗೋದು ಬಿಟ್ಟು ಮೈದಾನದಲ್ಲಿ ಚೌಕಾಬಾರ ಮನೆ ಬರ್ದಂಗೆ ಮೇಲಿಂದ ಕೆಳಕ್ಕೆ ನೇರ ಎಳ್ದಿದಾರೆ, ಅದು ಬಂದು ಮುಟ್ಟೋದು ನಮ್ಮನೆ ಗೇಟಿಗೆ. ಅಮ್ಮ ಆಗ್ಲೇ ಹೇಳಿದ್ರು, ಇದು ರೋಡ್ ಕುತ್ತು ಬೇಡ ಕಣೋ ಅಂತ. ನಾನು ವಾಸ್ತು ಪುರಾಣ ಅಂತ ನಕ್ಕೆ, ಅದೇ ಕಾರಣಕ್ಕೆ ಅಡಿಗೆ ಐವತ್ತು ರೂಪಾಯಿ ಕಮ್ಮಿ ಮಾಡ್ಸಿದೆ ಬೇರೆ. ಮೊದಲ ಜುಲೈ ಮಳೆಗೆ ಕೆಮ್ಮಣ್ಣಿನ ನೀರು ಗೇಟ್ ದಾಟಿ ಒಳಗೆ ಬಂದು ಅಮ್ಮನ ಚಪ್ಪಲಿ ಪಕ್ಕದ ಸೈಟಿಗೆ ಹೋಯ್ತು. ಮೋರಿ ಒಂದಡಿ ಅಗಲ, ಅದೂ ತಿರುವಲ್ಲಿ ಕಟ್ಕೊಂಡಿರುತ್ತೆ. ಆಮೇಲೆ ತಡೆಗೋಡೆ ಕಟ್ಸಿದ್ದಕ್ಕೆ ಎರಡೂಮುಕ್ಕಾಲು ಲಕ್ಷ. ಉಳಿಸಿದ್ದು ಎಷ್ಟು ಅಂತ ಲೆಕ್ಕ ಹಾಕ್ಬೇಡಿ.

ಇನ್ನು ವ್ಯೂ. ಬ್ರೋಷರ್ ತುಂಬಾ ಮುಳ್ಳಯ್ಯನಗಿರಿನೇ ಇತ್ತು, ನಿಜ ಹೇಳ್ಬೇಕಂದ್ರೆ ಮೊದಲ ಆರು ತಿಂಗಳು ಅಡುಗೆಮನೆ ಕಿಟಕಿಯಿಂದ ಚೆನ್ನಾಗೇ ಕಾಣ್ತಿತ್ತು. ಆಮೇಲೆ ಹಿಂದಿನ ಸೈಟ್‌ನೋರು ಎರಡು ಫ್ಲೋರ್ ಎಬ್ಬಿಸಿದ್ರು, ಈಗ ಕಾಣೋದು ಅವರ ಕಪ್ಪು ಸಿಂಟೆಕ್ಸ್. ಅವರನ್ನ ಬೈಯಂಗಿಲ್ಲ, ಅವರ ಜಾಗ, ವ್ಯೂಗೇನು ಖಾತೆ ಇದ್ಯಾ? ಆರ್ಕಿಟೆಕ್ಟ್ ಫ್ರೆಂಡ್ ಒಬ್ಬ ಬಂದು ನೋಡ್ದ, ಸಾಲುಗಳನ್ನ ಮೆಟ್ಟಿಲು ಥರ ಇಳಿಸಿದ್ರೆ ಕೆಳಗಿನ ಮನೆ ತಾರಸಿ ಮೇಲಿನ ಮನೆಗೆ ಅಡ್ಡ ಬರ್ತಿರ್ಲಿಲ್ಲ, ಇವರು ಮಣ್ಣು ತುಂಬಿ ನಮ್ಮ ಸಾಲು, ಹಿಂದಿನ ಸಾಲು ಎರಡನ್ನೂ ಒಂದೇ ಲೆವೆಲ್ ಮಾಡಿಬಿಟ್ಟಿದಾರೆ ಅಂದ.

ಪಾರ್ಕ್ ಇದೆ. ಮೂಲೇಲಿ ಉಳಿದ ತ್ರಿಕೋನ, ಟ್ರಾನ್ಸ್‌ಫಾರ್ಮರ್ ಪಕ್ಕ.

ಇದಕ್ಕಿಂತ ಉರಿಯೋದು ಕಾಂಪೌಂಡ್. ಗೇಟೆಡ್ ಅಂತ ಸುತ್ತ ಗೋಡೆ, ಇರೋದು ಒಂದೇ ಗೇಟ್. ಬಸ್‌ಸ್ಟಾಪ್ ಗೋಡೆ ಹಿಂದೇನೇ ಇದೆ, ಕಂಡಕ್ಟರ್ ಸೀಟಿ ಇಲ್ಲಿಗೆ ಕೇಳುತ್ತೆ, ಆದ್ರೆ ಸುತ್ತಿ ಹೋದ್ರೆ ಒಂದು ಕಿಲೋಮೀಟರ್. ಕೆಲಸಕ್ಕೆ ಬರೋ ಹೆಂಗಸರು ಯಾರೋ ಎರಡು ಸೈಜುಗಲ್ಲು ಇಟ್ಕೊಂಡು ಹತ್ತಿ ಇಳೀತಾರೆ.

ಹತ್ತು ನಿಮಿಷ ದೂರದಲ್ಲಿ ಒಂದು ಹಳೇ ಬಡಾವಣೆ ಇದೆ, ಕಮಾನಿಲ್ಲ, ಕಾರಂಜಿ ಇಲ್ಲ. 40 ಅಡಿ ರೋಡು, ನಡುವೆ ಪಾರ್ಕು, ಮನೆಗಳೆಲ್ಲ ಪಾರ್ಕಿಗೆ ಮುಖ ಮಾಡಿವೆ, ಮೇನ್ ರೋಡಿಗೆ ಮೂರು ಕಡೆ ಕಾಲುದಾರಿ. ಬಸ್‌ಸ್ಟ್ಯಾಂಡಿಗೆ ಹೆಚ್ಚುಕಮ್ಮಿ ನಮ್ಮಷ್ಟೇ ದೂರ. ಆದ್ರೂ ಬ್ರೋಕರ್ ಪ್ರಕಾರ ಅಲ್ಲಿ ಅಡಿಗೆ ನಾನೂರು ರೂಪಾಯಿ ಜಾಸ್ತಿ, ಬೋರ್ಡ್ ಹಾಕಿದ ತಿಂಗಳಲ್ಲೇ ಹೋಗುತ್ತಂತೆ. ನಮ್ಮಲ್ಲಿ ಎರಡು ಸೈಟ್ ವರ್ಷದಿಂದ ಮಾರಾಟಕ್ಕಿವೆ. ಬೆಂಗಳೂರಲ್ಲಿ 1898ರ ಪ್ಲೇಗ್ ಕಾಲದಲ್ಲಿ ಬೆಳೆದ ಮಲ್ಲೇಶ್ವರಂ, ಬಸವನಗುಡಿ ಕಥೇನೂ ಇದೇ ಅಲ್ವಾ, ಗಾಳಿ ಬೆಳಕು ಬರ್ಲಿ ಅಂತ ಅವತ್ತು ಬಿಟ್ಟ ಜಾಗಕ್ಕೆ ಇವತ್ತಿಗೂ ರೇಟು.

5ಕ್ಕೆ 2.5 ಕೊಡ್ತೀನಿ, ಅದ್ರಲ್ಲಿ ಎರಡು ಪೇಪರ್‌ಗೆ. ತಗೊಳ್ಳಲೇಬೇಕು ಅಂದ್ರೆ ಮೇಲಿನ ಎರಡು ಸಾಲು ಕೇಳಿ, ಅಲ್ಲಿಗೆ ನೀರೂ ಬರಲ್ಲ ಬೆಟ್ಟನೂ ಕಾಣುತ್ತೆ. ಏಜೆಂಟ್ ಜನವರೀಲಿ ಕರೀತಾರೆ, ನೀವು ಜುಲೈಲಿ ಬನ್ನಿ, ಕಾಫಿ ನಮ್ಮನೇಲಿ, ಚಪ್ಪಲಿ ಮಾತ್ರ ಒಳಗಿಡಿ.